ಬೇಯಾಳ ಯಂತ್ರಕ್ಕೆ ಹೊಸ ಎಣ್ಣೆ

ಸ್ಫಾಕ್ಸ್,
ಭಾನುವಾರ, ೨೭ ಜನವರಿ ೧೯೮೫

ಪ್ರೀತಿಯ ಬೇಯಾ,

ನಿನ್ನ ಮಂಡಿ ಹೇಗಿದೆ? ಬಿಝರ್ತಿನ ಗಾಳಿ ನಿನ್ನ ಮಂಡಿಗೆ ಆಗಿಬರುವುದಿಲ್ಲವೆಂದು ನೀನು ಹೊರಟ ದಿನವೇ ಬೀದಿಯವರೆಲ್ಲ ಕೇಳುವಂತೆ ಹೇಳಿದ್ದೆ. ಬೀದಿಯವರು ಕೇಳಿದರು, ನೀನು ಕೇಳಲಿಲ್ಲ. ನೈಲಾ ಎದ್ದು ಓಡಾಡುತ್ತಿದ್ದಾಳೆಯೇ? ಬಾಣಂತಿಗೆಂದು ನಾವು ಕಳಿಸಿದ ಎಳ್ಳು-ಜೇನಿನ ಝ್ರೀರ್ ತಿಂದು ಮುಗಿಸಿದಳೋ, ಇಲ್ಲ ಟೀಚರಮ್ಮನಿಗೆ ದಪ್ಪವಾಗುವ ಭಯವೋ? ಮೊಮ್ಮಗಳು ಉಲ್ಫಾ ಅಳುವಾಗ ಗಂಟಲು ಯಾರದ್ದೆಂದು ಒಮ್ಮೆ ಕಿವಿಗೊಟ್ಟು ಕೇಳು. ಮೂವತ್ತು ವರ್ಷ ಬಂದರಿನಲ್ಲಿ ಮೀನಿನ ಹರಾಜು ಕೂಗಿದ ನನ್ನ ಗಂಟಲು ಅದು, ನಾಟಕದಲ್ಲಿ ರಾಜನಾಗಿ ನಿಂತರೆ ಹಿಂದಿನ ಸಾಲಿನ ಮುದುಕರನ್ನೂ ಎಬ್ಬಿಸುತ್ತಿದ್ದ ಗಂಟಲು. ಹುಡುಗಿಗೆ ಬಂದಿದ್ದರೆ ಸಂತೋಷ. ಅಳಿಯನಿಗೆ ನಿದ್ದೆ ಕೆಟ್ಟರೆ ಇನ್ನೂ ಸಂತೋಷ. ನಾನು ಇಲ್ಲಿ ಕ್ಷೇಮ. ನನ್ನ ಅಕ್ಕ ಶಲ್ಬಿಯಾ ಅಡುಗೆ ನೋಡಿಕೊಳ್ಳುತ್ತಿದ್ದಾಳೆ. ಮೀನಿನ ಸಾರಿಗೆ ಜೀರಿಗೆ ಜಾಸ್ತಿ ಹಾಕುತ್ತಾಳೆ. ದೂರುತ್ತಿಲ್ಲ, ಸುಮ್ಮನೆ ಹೇಳಿದೆ.

ನೈಲಾಳ ಕಾಗದ ಹೋದ ವಾರ ಕೈಸೇರಿತು. ನಲವತ್ತು ದಿನದ ಬಾಣಂತನ ಮುಗಿಯಿತು, ಆದರೆ ನಾನಿನ್ನು ಶಾಲೆಗೆ ಹೋಗಬೇಕು, ಮಗುವನ್ನು ನೋಡಿಕೊಳ್ಳಲು ಅಮ್ಮ ಇಲ್ಲೇ ಇರಲಿ, ಅಮ್ಮನಿಗೂ ಕೈ ಸುಮ್ಮನಿರುವುದಿಲ್ಲ, ಹಾಗಾಗಿ ಹೊಲಿಗೆ ಯಂತ್ರವನ್ನು ಕಳಿಸಿಕೊಡಿ ಅಪ್ಪಾ ಎಂದು ಬರೆದಿದ್ದಾಳೆ. ಕೆಳಗೆ ನೀನು ಹೇಳಿ ಬರೆಸಿದ ಎರಡು ಮಾತು: 'ಯಂತ್ರ ಜೋಪಾನ.' ಆ ಜೋಪಾನ ಯಂತ್ರಕ್ಕೆ ಮಾತ್ರ ಸೇರಿದ್ದೋ, ಅದರಲ್ಲಿ ಒಂದು ತುಣುಕು ನನಗೂ ಇದೆಯೋ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕಾಗದ ಉತ್ತರ ಕೊಡಲಿಲ್ಲ. ನೀನೇ ಯೋಚಿಸು ಬೇಯಾ. ರಾಣಿ ನಾಲ್ಕು ದಿನ ಊರು ಬಿಟ್ಟು ಹೋದರೆ ಮರಳಿ ಬಂದಾಳು. ಸಿಂಹಾಸನವನ್ನೂ ತರಿಸಿಕೊಂಡಳೆಂದರೆ ರಾಜಧಾನಿಯೇ ಬದಲಾಯಿತೆಂದು ಅರ್ಥ. ನಿನ್ನ ಸಿಂಹಾಸನಕ್ಕೆ ಕಬ್ಬಿಣದ ಕಾಲು, ಕಪ್ಪು ಮೈ, ನಿನ್ನ ಅಂಗೈ ಸವರಿ ಸವರಿ ಅಳಿಸಿಹೋದ ಚಿನ್ನದ ಹೂವು. ಅದು ಈ ಅಂಗಳ ಬಿಟ್ಟರೆ ನೀನು ಈ ಅಂಗಳಕ್ಕೆ ಬರುವುದು ಹಬ್ಬಕ್ಕೆ, ಅದೂ ನೆಂಟರ ಹಾಗೆ.

ಮಗಳು ಅಳಿಯ ನಮ್ಮಿಬ್ಬರನ್ನೂ ಕರೆದಿದ್ದರಲ್ಲ ಎನ್ನುತ್ತೀಯೆ, ಗೊತ್ತು. ನನ್ನ ಶಪಥವೂ ನಿನಗೆ ಗೊತ್ತು. ನೀನು ಗಂಟು ಕಟ್ಟುತ್ತಿದ್ದಾಗ ಹೊಸ್ತಿಲಲ್ಲಿ ನಿಂತು, ಎದೆಯ ಮೇಲೆ ಅಂಗೈ ಇಟ್ಟು, 'ಅಳಿಯನ ಮನೆಯ ರೊಟ್ಟಿ ಮುರಿಯುವ ಕೈ ಈ ಹಮ್ಮಾದಿಯದಲ್ಲ' ಎಂದೆ. ಮಾತು ಚೆನ್ನಾಗಿ ಬಂತು. ಎದುರುಮನೆಯ ಬಾಗಿಲು ತೆರೆದುಕೊಂಡಿತು. ನೀನು ತಲೆಯೆತ್ತದೆ, 'ಸರಿ, ಕೈಯನ್ನ ಇಲ್ಲೇ ಬಿಟ್ಟು ಬನ್ನಿ. ಬಾಯಿಗೆ ನಾನೇ ಇಡ್ತೀನಿ' ಎಂದೆ. ನಾಟಕದಲ್ಲಾದರೆ ಅಂಥ ಮಾತಿನ ಮೇಲೆ ರಾಜನ ದೃಶ್ಯ ಮುಗಿಯುತ್ತದೆ. ಸೇವಕರು ಬಂದು ಪರದೆ ಎಳೆಯಬೇಕು. ನಮ್ಮ ಮನೆಯಲ್ಲಿ ಸೇವಕರೂ ಇಲ್ಲ, ಪರದೆಯೂ ಇಲ್ಲ. ನಿನ್ನ ಗಂಟನ್ನು ನಾನೇ ಟ್ಯಾಕ್ಸಿ ನಿಲ್ದಾಣಕ್ಕೆ ಹೊತ್ತುಕೊಂಡು ಬಂದೆ.

ಇರಲಿ. ಕಾಗದ ಓದಿದ ಮಾರನೆಯ ದಿನವೇ ಯಂತ್ರವನ್ನು ಸಿದ್ಧಮಾಡಲು ನಿಂತೆ. ಮೇಲೆ ಹೊದಿಸಿದ ಕಸೂತಿ ಬಟ್ಟೆ ತೆಗೆದೆ, ಧೂಳು ಒರೆಸಿದೆ. ಅಷ್ಟರಲ್ಲಿ ರಂಗಕ್ಕೆ ಶಲ್ಬಿಯಾ ಪ್ರವೇಶ, ಕೈಯಲ್ಲಿ ಈ ಸಲದ ಹೊಸ ಎಣ್ಣೆಯ ಹೂಜಿ. ಗಾಣದಿಂದ ಬಂದು ವಾರವೂ ಆಗಿರಲಿಲ್ಲ, ಹಸಿರಿನ್ನೂ ತಿಳಿಯಾಗಿರಲಿಲ್ಲ. 'ಅಷ್ಟು ದೂರ ಹೋಗೋಳನ್ನ ಒಣ ಮೈಯಲ್ಲಿ ಕಳಿಸ್ತಾರೇನೋ?' ಎಂದಳು. ನಮ್ಮ ಊರಿನಲ್ಲಿ ಆಲಿವ್ ಎಣ್ಣೆಗೆ ಬೇಡವೆಂದವರು ಯಾರು? ಕಿವಿನೋವಿಗೆ ಅದೇ, ಕೆಮ್ಮಿಗೆ ಅದೇ, ಕೂಸಿನ ಬೆನ್ನಿಗೆ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ನಾನು ಎರಡು ಹೆಜ್ಜೆ ಹಿಂದೆ ಸರಿದು ಜಾಗ ಕೊಟ್ಟೆ. ಅಕ್ಕ ಬಿಸ್ಮಿಲ್ಲಾ ಎಂದು ಯಂತ್ರದ ಮೈಮೇಲಿನ ತೂತು ತೂತಿಗೂ ಸುರಿದಳು, ಮದುಮಗಳಿಗೆ ಎಣ್ಣೆ ಹಚ್ಚಿದ ಹಾಗೆ. ಉಳಿದದ್ದಕ್ಕೆ ರೊಟ್ಟಿ ಅದ್ದಿಕೊಂಡು ಇಬ್ಬರೂ ತಿಂದೆವು. ಚೆನ್ನಾಗಿತ್ತು, ಈ ವರ್ಷದ ಎಣ್ಣೆಗೆ ಗಂಟಲಲ್ಲಿ ಸ್ವಲ್ಪ ಖಾರ ಇದೆ.

ಟ್ಯಾಕ್ಸಿಯ ಮೊನ್ಸೆಫ್ ಸಿಗಲಿಲ್ಲ, ಮದುವೆಗೆಂದು ಎಲ್ಲೋ ಹೋಗಿದ್ದ. ಯಂತ್ರ ಚಳಿಯಲ್ಲಿ ಹಾಗೇ ನಿಂತಿತ್ತು. ಮೊನ್ನೆ ಗುರುವಾರ ಚಕ್ರ ತಿರುಗಿಸಿ ನೋಡಿದರೆ, ಬೇಯಾ, ಅಲುಗಲಿಲ್ಲ. ಎರಡೂ ಕೈಯಿಂದ ಹಿಡಿದೆ. ಅಲುಗಲಿಲ್ಲ. ಹೊಸ ಎಣ್ಣೆ ಒಳಗೊಳಗೇ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ಶಲ್ಬಿಯಾ ಬಾಯಿಗೆ ಸೆರಗು ಒತ್ತಿಕೊಂಡು, 'ಅಯ್ಯೋ, ನಾನೇ ಕೈಯಾರೆ ಕೊಂದೆ' ಎಂದು ಕೂತಳು. ನಾನೂ ಹಣೆ ಒತ್ತಿಕೊಂಡೆ, ನಿಟ್ಟುಸಿರು ಬಿಟ್ಟೆ, ಏನೇನು ಬೇಕೋ ಎಲ್ಲ ಮಾಡಿದೆ. ಆದರೆ ಮನಸ್ಸಿನ ಒಳಕೋಣೆಯಲ್ಲಿ ಡೋಲು ಬಾರಿಸುತ್ತಿದ್ದರು. ಯಂತ್ರ ಕೆಟ್ಟಿದೆ, ಯಂತ್ರ ಹೋಗುವುದಿಲ್ಲ, ಅದನ್ನು ಸರಿಮಾಡಲು ಬೇಯಾಳೇ ಬರಬೇಕು, ಬಂದವಳನ್ನು ಮತ್ತೆ ಕಳಿಸುವವನು ಯಾರು? ಆ ಹೊತ್ತು ಶಲ್ಬಿಯಾ ಮಾಡಿದ ಸಾರಿನಲ್ಲಿ ಜೀರಿಗೆಯೂ ಹದವಾಗಿದೆ ಅನ್ನಿಸಿತು.

ನನ್ನ ಸಂತೋಷ ಒಂದು ರಾತ್ರಿಯ ಮಟ್ಟಿಗೆ. ಅಕ್ಕನ ಅಳು ಗೋಡೆ ದಾಟಿತ್ತು. ಬೆಳಿಗ್ಗೆ ಬೀದಿಯ ಹೆಂಗಸರು ಬಂದರು, ಮುಂದೆ ಝಕಿಯಾ, ಹಿಂದೆ ಎದುರುಮನೆಯ ಸುವಾದ್. ಬಂದವರು ನನ್ನ ಆರೋಗ್ಯ ಕೇಳಲಿಲ್ಲ, ನೇರವಾಗಿ ಯಂತ್ರದ ಬಳಿ ಹೋಗಿ ಅದರ ಮೈ ಮುಟ್ಟಿ ನೋಡಿದರು. ಝಕಿಯಾ ಬೆರಳಿಗೆ ಅಂಟಿದ ಎಣ್ಣೆಯನ್ನು ಮೂಸಿ, 'ಇದೇನು ಹಮ್ಮಾದಿ ಚಿಕ್ಕಪ್ಪಾ, ಸಲಾಡ್ ಮಾಡೋಕೆ ಹೊರಟಿದ್ರಾ? ಸೌತೆಕಾಯಿ ಒಂದು ಹೆಚ್ಚಿ ಹಾಕ್ಬೇಕಿತ್ತು' ಎಂದಳು. ಆಮೇಲೆ ಎಲ್ಲರೂ ಸೇರಿ ಯಂತ್ರವನ್ನು ಅಂಗಳದ ಬಿಸಿಲಿಗೆ ಎಳೆದರು. ಒಬ್ಬಳು ಸೀಮೆಎಣ್ಣೆ ತಂದಳು, ಒಬ್ಬಳು ಕೋಳಿಯ ಗರಿ. ಸುವಾದ್ ತಲೆಗೂದಲು ಒಣಗಿಸುವ ಯಂತ್ರ ತಂದು ಹೊಲಿಗೆ ಯಂತ್ರದ ಹೊಟ್ಟೆಗೆ ಬಿಸಿಗಾಳಿ ಊದತೊಡಗಿದಳು. ನಾನು ಕುರ್ಚಿಯಲ್ಲಿ ಕೂತು ಇದು ಆಗುವ ಮಾತಲ್ಲ, ಬೇಯಾಳೇ ಬಂದು ನೋಡಲಿ, ಸುಮ್ಮನೆ ಕಷ್ಟಪಡಬೇಡಿ ಎಂದು ಹೇಳುತ್ತಲೇ ಇದ್ದೆ. ನನ್ನ ಕಡೆ ಯಾರೂ ತಿರುಗಲಿಲ್ಲ. ರಾಜನ ಪಾತ್ರ ಮಾಡಿದವನಿಗೆ ಇದೊಂದು ಹೊಸ ಅನುಭವ.

ಗರಿಯಲ್ಲಿ ಒರೆಸುತ್ತ ಒರೆಸುತ್ತ ಮಾತು ಅವರವರ ಯಂತ್ರಕ್ಕೆ ಹೊರಳಿತು. ಈ ಹೆಂಗಸರು ಗಂಡನನ್ನು ಹೊಗಳಿದ್ದು ನಾನು ಕೇಳಿಲ್ಲ, ಯಂತ್ರದ ಮಾತು ಬಂದರೆ ದನಿಯೇ ಬೇರೆಯಾಗುತ್ತದೆ. ಸುವಾದ್ ಲಿಬಿಯಾದಿಂದ ಗಂಡ ತಂದ ಕರೆಂಟಿನ ಯಂತ್ರದ ಕಥೆ ತೆಗೆದಳು. ಗುಂಡಿಯ ಕಾಜ ತಾನೇ ಹೊಲಿಯುತ್ತದಂತೆ, ಅಂಕುಡೊಂಕು ಹೊಲಿಗೆ ಹಾಕುತ್ತದಂತೆ, ಅದರ ಪುಟ್ಟ ದೀಪ ಬೆಳಗಿದರೆ ಅವಳಿಗೆ ಮನೆಯಲ್ಲಿ ಯಾರೋ ಜೊತೆಗಿದ್ದ ಹಾಗೆ ಆಗುತ್ತದಂತೆ. 'ಕರೆಂಟ್ ಹೋದ್ರೆ ನಿನ್ನ ಜೊತೆಗಾರ ಬರೀ ಪೆಟ್ಟಿಗೆ ಕಣೇ' ಎಂದಳು ಝಕಿಯಾ. ಝಕಿಯಾಳದು ಕೈಯಿಂದ ತಿರುಗಿಸುವ ಚಿಕ್ಕ ಯಂತ್ರ, ಅವಳ ಅಜ್ಜಿಯದು. 'ನಂದು ನೋಡು, ಚಕ್ರ ನನ್ನ ಕೈಲಿದೆ. ನಿಲ್ಲು ಅಂದ್ರೆ ನಿಲ್ಲುತ್ತೆ, ನಡಿ ಅಂದ್ರೆ ನಡಿಯುತ್ತೆ. ಮನೇಲಿ ಹಾಗೆ ಮಾತು ಕೇಳೋದು ಅದೊಂದೇ.' ಶಲ್ಬಿಯಾ, ಪಾಪ, ನನಗೆ ಒಂದು ಸೂಜಿ ಸಾಕಮ್ಮ ಎಂದು ಮೂಲೆಯಲ್ಲಿ ಗೊಣಗಿದಳು. ಆಮೇಲೆ ನಿನ್ನದರ ಮಾತು ಬಂತು. ದೋಣಿಯ ಹಾಯಿಯಷ್ಟು ದಪ್ಪ ಬಟ್ಟೆಯನ್ನೂ ತಿನ್ನುತ್ತದೆ, ಮದುಮಗಳ ರೇಷ್ಮೆಯನ್ನೂ ಸುಕ್ಕಾಗದಂತೆ ದಾಟಿಸುತ್ತದೆ, ಇಡೀ ಬೀದಿಯಲ್ಲಿ ಅಂಥದ್ದಿಲ್ಲ ಎಂದು ಇಬ್ಬರೂ ಒಪ್ಪಿದರು. ಝಕಿಯಾ ತಟ್ಟೆ ಸರಿಸಿ ಒಳಗಿನ ಲಾಳಿಯನ್ನು ಹೊರತೆಗೆದಳು. ನೀನು ಅದನ್ನು ದೋಣಿ ಎನ್ನುತ್ತಿದ್ದೆಯಲ್ಲ, ಬೆರಳುದ್ದದ ಉಕ್ಕಿನ ದೋಣಿ, ಹೊಟ್ಟೆಯೊಳಗೆ ದಾರ, ಅದಿಲ್ಲದೆ ಒಂದು ಹೊಲಿಗೆಯೂ ಬೀಳದು. ಒರೆಸಲು ನನ್ನ ಕೈಗೆ ಕೊಟ್ಟಳು. ಇಷ್ಟು ವರ್ಷ ಈ ಮನೆಯಲ್ಲಿದ್ದೇನೆ, ನಾನು ಅದನ್ನು ಮುಟ್ಟಿದ್ದು ಇದೇ ಮೊದಲು. ಎಷ್ಟು ನುಣುಪಾಗಿದೆ, ಬೇಯಾ. ಬಂದರಿನಲ್ಲಿ ಅಷ್ಟು ದೋಣಿ ನೋಡಿದ್ದೇನೆ, ಅಂಗೈಯಲ್ಲಿ ಕೂರುವ ದೋಣಿ ಇದೊಂದೇ.

ಮಧ್ಯಾಹ್ನದ ಹೊತ್ತಿಗೆ ಚಕ್ರ ಸಡಿಲವಾಯಿತು. ಸುವಾದ್ ಅಂಗಡಿಯಿಂದ ನಿಜವಾದ ಯಂತ್ರದ ಎಣ್ಣೆ ತರಿಸಿ ಹನಿ ಹನಿಯಾಗಿ ಬಿಟ್ಟಳು. ಇನ್ನು ಹೊಲಿದು ನೋಡಬೇಕು. ಆಗ ಯಾರೂ ಮುಂದೆ ಬರಲಿಲ್ಲ. ಒಬ್ಬಳ ಯಂತ್ರಕ್ಕೆ ಇನ್ನೊಬ್ಬಳು ಕಾಲಿಡಬಾರದೆಂಬ ನಿಮ್ಮ ನಿಯಮ ನನಗೂ ಗೊತ್ತು. ಕಾಲು ಬದಲಾದರೆ ಹೊಲಿಗೆ ಮುನಿಯುತ್ತದೆ ಎನ್ನುತ್ತೀರಿ. ಕೊನೆಗೆ ಝಕಿಯಾ ಚಪ್ಪಲಿ ಬಿಟ್ಟು, 'ಬೇಯಾ ಚಿಕ್ಕಮ್ಮ ಮಾಫ್ ಮಾಡ್ಲಿ' ಎಂದು ಕೂತಳು. ಓಡಿತು. ಹೆಂಗಸರು ಮದುವೆಮನೆಯಲ್ಲಿ ಹಾಕುವಂತೆ ನಾಲಗೆ ಹೊರಳಿಸಿ ಉಲುಲು ಕೂಗು ಹಾಕಿದರು, ಶಲ್ಬಿಯಾ ಕಣ್ಣೊರೆಸಿಕೊಂಡಳು. ಹೊಲಿದ ಚಿಂದಿಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ನೀನೇ ನೋಡು, ಹೊಲಿಗೆ ನೆಟ್ಟಗಿದೆ. ಆದರೆ ಸದ್ದು ನಿನ್ನದಲ್ಲ. ನೀನು ತುಳಿದರೆ ಮೊದಲು ನಿಧಾನ, ಆಮೇಲೆ ಓಟ, ಮೂಲೆ ತಿರುಗುವಾಗ ಒಂದು ಉಸಿರಿನಷ್ಟು ಬಿಡುವು. ಆ ಬಿಡುವಿನಲ್ಲಿ ನೀನು ದಾರ ಕಚ್ಚುತ್ತಿದ್ದೆ, ನಾನು ಮಗ್ಗುಲು ಬದಲಿಸುತ್ತಿದ್ದೆ. ಮಧ್ಯಾಹ್ನದ ನನ್ನ ನಿದ್ದೆ ಆ ಲಯಕ್ಕೆ ಕಟ್ಟಿದ್ದು. ಝಕಿಯಾ ಒಂದೇ ಸಮನೆ ತುಳಿದಳು, ಪೊಲೀಸರು ಬಾಗಿಲು ಬಡಿದ ಹಾಗೆ. ಯಂತ್ರ ಇಲ್ಲೇ ಉಳಿದರೆ ನೀನು ಉಳಿದ ಹಾಗೆ ಎಂದುಕೊಂಡಿದ್ದೆ. ಅದು ಅಂಗಳದಲ್ಲಿ ಓಡುತ್ತಲೇ ಇತ್ತು, ಮನೆ ಮೊದಲಿಗಿಂತ ಖಾಲಿಯಾಗಿ ಕಂಡಿತು.

ಹಾಗಾಗಿ ಚಿಂತೆ ಬೇಡ, ಯಂತ್ರ ಬರುತ್ತದೆ. ಗೋಣಿ, ಹತ್ತಿ, ನಿನ್ನ ಹಳೆಯ ಕಂಬಳಿ ಎಲ್ಲ ಸುತ್ತಿ ಮರದ ಪೆಟ್ಟಿಗೆಯಲ್ಲಿ ಇರಿಸಿದ್ದೇನೆ. ಕಬ್ಬಿಣದ ಕಾಲನ್ನು ಬೇರೆ ಕಟ್ಟಿದ್ದೇನೆ. ಮೊನ್ಸೆಫ್ ಗುರುವಾರ ಹೊರಡುತ್ತಾನೆ. ಅವನ ಟ್ಯಾಕ್ಸಿ ಟ್ಯೂನಿಸಿನವರೆಗೆ ಮಾತ್ರ, ಅಲ್ಲಿಂದ ಬಿಝರ್ತಿಗೆ ಬೇರೆ ಗಾಡಿಗೆ ಏರಿಸಬೇಕು. ನೈಲಾಳ ಹಣೆಗೆ ಮುತ್ತು, ಉಲ್ಫಾಳ ಎರಡೂ ಪಾದಕ್ಕೆ ಮುತ್ತು, ಅಳಿಯ ರಿದಾನಿಗೆ ತಲೆಯಾಡಿಸಿದೆನೆಂದು ಹೇಳು. ದೇವರು ನಿನ್ನ ಮಂಡಿಯನ್ನು ಕಾಯಲಿ, ಕಣ್ಣನ್ನು ಕಾಯಲಿ, ಸೂಜಿಯ ಕಡೆಯಿಂದ ನಿನ್ನ ಬೆರಳನ್ನು ಕಾಯಲಿ.

ನಿನ್ನ,
ಹಮ್ಮಾದಿ

ವಿ.ಸೂ.: ಈ ಕಾಗದ ಒಯ್ಯುವ ಸುವಾದಳ ತಮ್ಮ, ಬಿಝರ್ತಿನ ನೌಕಾಪಡೆಯವನು, ರಜೆ ಮುಗಿಸಿ ಹೊರಟು ಬಾಗಿಲಲ್ಲಿ ಚೀಲ ಹೊತ್ತು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಯಂತ್ರವನ್ನೂ ತಾನೇ ಒಯ್ಯುತ್ತೇನೆಂದ, ಬೇಡ ಎಂದೆ. ಅದರ ದೋಣಿ ಪೆಟ್ಟಿಗೆಯಲ್ಲಿಲ್ಲ. ನೀನು ಹೊಲಿದುಕೊಟ್ಟ ಕಂದು ವೇಸ್ಟ್‌ಕೋಟಿನ ಒಳಜೇಬಿನಲ್ಲಿದೆ. ಆ ಜೇಬಿಗೆ ನೀನು ಎರಡು ಸಾಲು ಹೊಲಿಗೆ ಹಾಕಿದ್ದೀಯೆ, ಕೋಟಿನಿಂದ ಬಿಡಿಸಲು ಬರುವುದಿಲ್ಲ, ಕೋಟು ನನ್ನನ್ನು ಬಿಟ್ಟು ಪ್ರಯಾಣ ಮಾಡುವುದಿಲ್ಲ. ಮೊನ್ಸೆಫನಿಗೆ ಎರಡು ಸೀಟು ಹೇಳಿದ್ದೇನೆ, ಒಂದು ಯಂತ್ರಕ್ಕೆ, ಒಂದು ಕೋಟಿಗೆ. ಮನೆಯ ಕೀಲಿಕೈ ಶಲ್ಬಿಯಾಳಿಗೆ ಕೊಟ್ಟಾಯಿತು. ಶಪಥ ಶಪಥವೇ, ಅಳಿಯನ ಮನೆಯ ರೊಟ್ಟಿಯನ್ನು ನಾನು ಮುರಿಯುವುದಿಲ್ಲ. ಕೈಕಟ್ಟಿ ಕೂರುತ್ತೇನೆ. ಬಾಯಿಗೆ ನೀನೇ ಇಡುತ್ತೇನೆಂದಿದ್ದೆ, ಬೇಯಾ, ಮಾತು ತಪ್ಪಬೇಡ.