ಎಮ್ಮೆಗೆ ಧನ್ಯವಾದ

ಮಹಾನಿರ್ದೇಶಕ ಅಭಿನಂದನರ ಸನ್ನಿಧಾನಕ್ಕೆ,

ಪುಣೆಗೆ ಹೋದ ಮೇಲೆ ನೀನು ನನ್ನ ಫೋನ್ ಎತ್ತುವುದಿಲ್ಲ. ಹಾಗಾಗಿ ಈ ವರದಿ ನನ್ನ ಟ್ರಂಕಿನಲ್ಲೇ ಉಳಿಯಲಿದೆ.

ನಿನ್ನೆ ತೆಲಸಂಗದ ಶಾಲೆಯ ಬಯಲಲ್ಲಿ, ಬೇಸಿಗೆಯ ಚಿತ್ರಪ್ರದರ್ಶನದಲ್ಲಿ, ನಾವಿಬ್ಬರೂ ಮೊಬೈಲಿನಲ್ಲಿ ತೆಗೆದ ಸಿನಿಮಾ ತೋರಿಸಿದರು. ನಾನು ಬರೆದ ಮಾತುಗಳಿಗೆ ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ ಪರದೆಯ ಮೇಲೆ ಹೆಸರುಗಳು ಬಂದವು. ಕಥೆ, ಸಂಭಾಷಣೆ, ನಿರ್ದೇಶನ ಎಲ್ಲ ನೀನೇ. ನಮ್ಮ ಎಮ್ಮೆ ಚಂದ್ರಿಗೂ ಧನ್ಯವಾದ ಹೇಳಿದ್ದೀ. ನನ್ನ ಹೆಸರು ಎಲ್ಲೂ ಇರಲಿಲ್ಲ.

ಹೊತ್ತು ಮುಳುಗುವ ಮುಂಚೆಯೇ ಉಂಡು ಬಂದು ಮುಂದೆ ಕೂತಿದ್ದ ನಿಮ್ಮವ್ವ ನನ್ನ ಕಡೆ ತಿರುಗಿದರು.

"ಈಶ್ವರಾ, ನಮ್ಮ ಪಡಸಾಲ್ಯಾಗ ಕುಂತು ಬರದಾಂವ ನೀನಲ್ಲೇನೋ? ನಿನ್ನ ಹೆಸರೆಲ್ಲಿ?"

"ನಾನಽ ಬ್ಯಾಡ ಅಂದಿದ್ದೆ, ಕಾಕು."

ಆ ಸಂಭಾಷಣೆಯೂ ನನ್ನದೇ. ಅದನ್ನೂ ನಿನ್ನ ಹೆಸರಿಗೆ ಹಾಕಿಕೊ.