ಏರಿನಲ್ಲಿ ಎರಡನೆಯ ಗೇರು

ನವೆಂಬರ್ ೯, ಭಾನುವಾರ

ಗೇರು ಕೆಟ್ಟಿರಲಿಲ್ಲ, ಆದರೂ ವಿಜೇತಾ ಸೋತಳು. ನನ್ನ ಈ ವಿದ್ಯಾರ್ಥಿನಿಯ ಮಡಚುವ ಸೈಕಲ್ಲಿನ ಹಿಂಚಕ್ರದ ನಡುವೆ ಎರಡು ಗೇರಿನ ಹಬ್ ಕೂರಿಸಿದ್ದೆವು. ಮಣಿಪಾಲದ ಏರನ್ನು ಕಾಲೂರದೆ ಹತ್ತಿದರೆ ಮಾತ್ರ ಕಾಲೇಜಿಗೆ ಒಬ್ಬಳೇ ಹೋಗಬಹುದೆಂಬುದು ಅವಳ ದೊಡ್ಡಪ್ಪನ ಷರತ್ತು. ಅವರ ಕಾರಿನಲ್ಲಿ ನಾನೂ ಹಿಂಬಾಲಿಸಿದೆ.

ಪೆಡಲನ್ನು ಹಿಂದಕ್ಕೆ ತುಳಿದರೆ ಗೇರು ಬದಲಾಗುತ್ತದೆ. ಏರಿನ ನಡುವೆ, ಗೇರಿಲ್ಲದ ಹಳೆಯ ಸೈಕಲ್ಲಿನ ಅಭ್ಯಾಸದಿಂದ ಹಾಗೆ ತುಳಿದು, ಭಾರದ ಗೇರಿಗೆ ಸಿಕ್ಕಿಬಿದ್ದಳು. ಇನ್ನೊಮ್ಮೆ ಹಿಂದಕ್ಕೆ ತುಳಿ ಎಂದು ಕೂಗಿದೆ. ಗಾಜು ಏರಿಸಿದ ಕಾರಿನೊಳಗೇ ಕೂಗು ಉಳಿಯಿತು. ಅವಳು ಕಾಲೂರಿದಳು.

"ಎಂತ ಮಾಸ್ಟ್ರೇ, ನೋಡಿದಿರಲ್ವಾ? ಇನ್ನು ಕಾರೇ ಗತಿ," ಎಂದರು ದೊಡ್ಡಪ್ಪ.

ಮಡಚಿದ ಸೈಕಲ್ ಡಿಕ್ಕಿಯಲ್ಲಿ ಸಲೀಸಾಗಿ ಹಿಡಿಯಿತು. ಹಿಂದಿನ ಸೀಟಿನಿಂದ ವಿಜೇತಾ, "ಸರ್, ನೀವಾದರೂ ಹೇಳಿ," ಎಂದಳು. ಇನ್ನೊಂದು ಭಾನುವಾರ ಕೊಡಿ ಎಂದು ಕೇಳಿದೆ. ಅವರು ರೇಡಿಯೋ ಹಾಕಿದರು. ನಾಳೆ ಮನೆಗೇ ಹೋಗಿ ಕೇಳುತ್ತೇನೆ. ಒಪ್ಪದಿದ್ದರೆ ಆ ಹುಡುಗಿ ಇನ್ನು ಮೂರು ವರ್ಷ ಅವರ ಕಾರಿನಲ್ಲೇ ಕಾಲೇಜಿಗೆ ಹೋಗಬೇಕು.