ಈ ಸಲ ಕಾರಿಗೆ ನಾನೇ ಎಣ್ಣೆ ಹೊಡೆದೆ

ಲೆ ಮೆಶಾಂ, ಕೆಬೆಕ್,
ಮೇ ತಿಂಗಳ ಶುಕ್ರವಾರ

ನನ್ನ ಹಟಮಾರಿ ರೊಸೇರನಿಗೆ,

ನಾಳೆ ಬೆಳಿಗ್ಗೆ ನಿನ್ನನ್ನು ಮಣ್ಣು ಮಾಡುತ್ತಾರೆ. ನೀನು ಹೋದಾಗ ನೆಲ ಚಳಿಗೆ ಹೆಪ್ಪುಗಟ್ಟಿ ಕಲ್ಲಾಗಿತ್ತು. ಗುದ್ದಲಿ ಇಳಿಯುವುದಿಲ್ಲವೆಂದು ನಿನ್ನನ್ನು ಸ್ಮಶಾನದ ಕಲ್ಲುಕೋಣೆಯಲ್ಲಿ ಇರಿಸಿದರು. ಚಳಿಗಾಲದಲ್ಲಿ ಸತ್ತ ನಮ್ಮ ಊರಿನವರೆಲ್ಲ ಅಲ್ಲಿಯೇ ತಾನೆ ವಸಂತಕ್ಕೆ ಕಾಯುವುದು. ಮಣ್ಣಿಗೆ ಹೋಗುವ ಮೊದಲು ನೀನಿಲ್ಲದ ಈ ಚಳಿಗಾಲ ಹೇಗೆ ಕಳೆಯಿತೆಂದು ನಿನಗೆ ಹೇಳಬೇಕು. ಬೇರೆ ಯಾರಿಗೆ ಹೇಳಲಿ?

ಊರಿನವರ ಕಾರುಗಳಿಗೆಲ್ಲ ತುಕ್ಕು ಹಿಡಿಯದಂತೆ ನೀನು ಎಣ್ಣೆ ಹೊಡೆದು ಮುಗಿಸಿದ ಮೇಲೆ, ಮೊದಲ ಹಿಮ ಬೀಳುವ ಹೊತ್ತಿಗೆ ನಮ್ಮ ಹಸಿರು ಕಾರಿನ ಸರದಿ. ಪ್ರತಿವರ್ಷವೂ ನಾನು ಗೊಣಗುತ್ತಿದ್ದೆ, ನೀನು ನಗುತ್ತಿದ್ದೆ. ಈ ಸಲ ಬೇಕರಿಯವರ ವ್ಯಾನು ಮುಗಿಸಿ, ಕೈ ಒರೆಸಿಕೊಳ್ಳುತ್ತಲೇ ಶೆಡ್ಡಿನ ಬಾಗಿಲಿಗೆ ಒರಗಿ ಕುಸಿದೆಯಂತೆ. ನಾನು ಓಡಿ ಬರುವಷ್ಟರಲ್ಲಿ ನಿನ್ನ ಕೈ ಇನ್ನೂ ಜಿಡ್ಡಾಗಿತ್ತು, ಆದರೆ ತಣ್ಣಗಾಗುತ್ತಿತ್ತು.

ಪ್ರಾರ್ಥನೆಯೆಲ್ಲ ಮುಗಿದು ನೆಂಟರು ಹೊರಟ ಮೇಲೆ ಹಿಮ ಸುರಿಯಿತು. ಹಿಮ ಕರಗಲೆಂದು ಸರ್ಕಾರದ ಲಾರಿ ರಸ್ತೆಗೆ ಉಪ್ಪು ಚೆಲ್ಲುತ್ತ ಹೋಯಿತು. ನಾನೇ ಎಷ್ಟೋ ವರ್ಷ ಆ ಲಾರಿ ಓಡಿಸಿ ಉಪ್ಪು ಚೆಲ್ಲಿದವಳಲ್ಲವೇ, ಆ ಸದ್ದು ಹಾಸಿಗೆಯಲ್ಲೇ ಗೊತ್ತಾಗುತ್ತದೆ. “ಹಗಲೆಲ್ಲ ನೀನು ಉಪ್ಪು ಚೆಲ್ಲಿ ಬಾ, ಅದು ಕಬ್ಬಿಣ ತಿಂದಿದ್ದಕ್ಕೆಲ್ಲ ನಾನು ಔಷಧಿ ಹಾಕ್ತೀನಿ. ಇಂಥ ಜೋಡಿ ಎಲ್ಲಾದ್ರೂ ಉಂಟೇನೆ?” ಎನ್ನುತ್ತಿದ್ದೆ ನೀನು. ಎದ್ದು ಕಿಟಕಿಯಿಂದ ನೋಡಿದೆ. ಅಂಗಳದಲ್ಲಿ ಎಣ್ಣೆ ಕಾಣದ ನಮ್ಮ ಕಾರು ಬರಿಮೈಯಲ್ಲಿ ನಿಂತ ಹಾಗೆ ಕಂಡಿತು.

ಪಕ್ಕದ ಮನೆಯ ಓವೀದ್ ಬೇಲಿಯಾಚೆಯಿಂದ ಬುದ್ಧಿ ಹೇಳಿದ. ನಿನ್ನ ಎಣ್ಣೆ ಹರಿದು ಅವನ ತೀರಿಹೋದ ಹೆಂಡತಿಯ ಗುಲಾಬಿ ಗಿಡಗಳು ಸತ್ತವೆಂದು ನಿನ್ನೊಡನೆ ಮಾತು ಬಿಟ್ಟಿದ್ದನಲ್ಲ, ನೀನು ಹೋದ ಮೇಲೆ ನನ್ನೊಡನೆ ಮಾತು ಶುರುಮಾಡಿದ. “ಆ ಡಬ್ಬಾನ ಮಾರಿಬಿಡು, ಸೋಲಾಂಜ್. ಒಂಟಿ ಹೆಂಗಸು, ಇನ್ನು ಎಲ್ಲಿಗೆ ಹೋಗಬೇಕು ನಿನಗೆ?” ಅವನು ಕೆಟ್ಟದ್ದಕ್ಕೆ ಹೇಳಲಿಲ್ಲ. ಆದರೂ ಆ ಮಾತು ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು. ನಿಜಕ್ಕೂ ಎಲ್ಲಿಗೆ ಹೋಗಬೇಕು ನಾನು?

ಹಟ ಬಂತು. ಉಗುರುಬೆಚ್ಚಗಿನ ನೀರಿನಲ್ಲಿ ಕಾರಿನ ಅಡಿಯ ಉಪ್ಪೆಲ್ಲ ತೊಳೆದೆ. ಒದ್ದೆಯ ಮೇಲೆ ಎಣ್ಣೆ ಹಿಡಿಯುವುದಿಲ್ಲವೆಂದು ನೀನು ಗದರಿದ್ದು ನೆನಪಿತ್ತು, ಶೆಡ್ಡಿನಲ್ಲಿ ಪೂರ್ತಿ ಒಣಗಲು ಬಿಟ್ಟೆ. ಚಳಿಗೆ ಜೇನಿನಂತೆ ಗಟ್ಟಿಯಾಗಿದ್ದ ಎಣ್ಣೆಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದೆ. ಚಕ್ರಗಳ ಬ್ರೇಕಿಗೆ ಎಣ್ಣೆ ಹಾರದಂತೆ ಬ್ರೆಡ್ಡಿನ ಚೀಲ ಕಟ್ಟಿದೆ. ಬಾಗಿಲುಗಳ ಅಡಿಯ ನೀರಿಳಿಯುವ ತೂತುಗಳನ್ನು ಕಡ್ಡಿಯಿಂದ ಬಿಡಿಸಿ ಅವುಗಳೊಳಗೂ ಹೊಡೆದೆ. ಆಮೇಲೆ ನಿನ್ನ ಮೇಲಂಗಿ ತೊಟ್ಟು ಕಾರಿನಡಿಗೆ ನುಸುಳಿದೆ. ಬ್ರೇಕಿನ ಕೊಳವೆಗಳ ಗುಂಟ ಬೆರಳಾಡಿಸುತ್ತ ಎಣ್ಣೆ ಹೊಡೆಯುವಾಗ ಒಂದು ದಪ್ಪ ಹನಿ ಸೀದಾ ನನ್ನ ಬಾಯಿಗೇ ಬಿತ್ತು. ಥೂ ಎಂದು ಉಗಿದು ಜೋರಾಗಿ ನಕ್ಕುಬಿಟ್ಟೆ. ನೀನು ಆಚೆಯಿಂದ ಏನೋ ಒಂದು ಕುಚೋದ್ಯ ಮಾಡುತ್ತೀಯೆಂದು ಕಾದೆ ನೋಡು! ಎಣ್ಣೆ ಚಿಮ್ಮಿಸುವ ಕಂಪ್ರೆಸರ್ ಮಾತ್ರ ಗುರುಗುಡುತ್ತಿತ್ತು. ನಿನ್ನ ಶವಪೆಟ್ಟಿಗೆಯ ಮುಂದೆ ಬಾರದ ಅಳು ಆಗ ಬಂತು. ಮಲಗಿದಲ್ಲೇ ಅತ್ತೆ. ಎಣ್ಣೆಯ ಕೈಯಲ್ಲಿ ಕಣ್ಣೊರೆಸಿಕೊಳ್ಳುವಂತೆಯೂ ಇರಲಿಲ್ಲ.

ಜನವರಿಯ ದೊಡ್ಡ ಬಿರುಗಾಳಿ ಬಂದದ್ದು ಒಂದು ಮಧ್ಯಾಹ್ನ. ಸಮುದ್ರ ಯಾವುದು, ರಸ್ತೆ ಯಾವುದು, ಒಂದೂ ಕಾಣದು. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಓವೀದ್, ಕೈ ಎದೆಯ ಮೇಲೆ, ಮುಖ ಬೂದಿ. ತಾನೇ ಕಾರು ತೆಗೆದು ಆಸ್ಪತ್ರೆಗೆ ಹೊರಟಿದ್ದನಂತೆ. “ಬ್ರೇಕ್ ಒತ್ತಿದ್ರೆ ಕಾಲು ನೆಲಕ್ಕೇ ಹೋಗ್ತದೆ ಕಣೇ… ಕೊಳವೆ ತುಕ್ಕು ತಿಂದು ಒಡೆದಿದೆ.” ಫೋನು ಮಾಡಿದೆ. ಆಂಬುಲೆನ್ಸ್ ಮತಾನ್ ಪಟ್ಟಣದ ಆಸ್ಪತ್ರೆಯಿಂದ ಬರಬೇಕು, ಯಾವಾಗ ಬಂದೀತೆಂದು ಹೇಳಲಾಗದು ಎಂದರು. ಅವನನ್ನು ನನ್ನ ಪಕ್ಕ, ನಿನ್ನ ಸೀಟಿನಲ್ಲಿ ಕೂರಿಸಿ ಹೊರಟೆ.

ಆ ಚಳಿಗೆ ಉಪ್ಪು ಕೆಲಸ ಮಾಡುವುದಿಲ್ಲ, ಬರೀ ಮರಳು ಚೆಲ್ಲಿದ್ದರು. ಓವೀದನ ಬಾಯಿ ಮಾತ್ರ ಸುಮ್ಮನಿಲ್ಲ. “ಏನು ನಾತ ಇದು… ಗಂಡ ಹೆಂಡ್ತಿ ಇಬ್ರೂ ಸೇರಿ ಎಣ್ಣೆಯಲ್ಲೇ ನನ್ನ ಕೊಲ್ತೀರಿ.” “ಬೈಯೋಕೆ ಖರ್ಚು ಮಾಡೋ ಉಸಿರನ್ನ ಒಳಗಿಟ್ಕೊ, ಮುದುಕಪ್ಪ” ಎಂದೆ. ಬಂಡೆಯ ತಿರುವು ದಾಟಿದ್ದೇ ತಡ, ಬಿಳಿಯ ನಡುವಿನಿಂದ ಅಡ್ಡಲಾಗಿ ನಿಂತ ಮರದ ದಿಮ್ಮಿಯ ಲಾರಿ ಎದ್ದು ಬಂತು. ಬ್ರೇಕ್ ಒತ್ತಿದೆ. ಪೆಡಲು ಕಾಲಿನಡಿ ಗಟ್ಟಿಯಾಗಿ ನಿಂತಿತು, ರೊಸೇರ್. ಕಾರು ಸ್ವಲ್ಪ ಜಾರಿ, ನಡುಗಿ, ದಿಮ್ಮಿಗಳ ತುದಿ ಗಾಜಿಗೆ ತಾಗುವಂತಿರುವಾಗ ನಿಂತಿತು. ಆಮೇಲೆ ಓವೀದ್ ಮೆಲ್ಲಗೆ ಅಂದ: “ನಿನ್ನ ಗಂಡನ ಕೈಗುಣ.” “ಅಲ್ಲ, ಇದು ನನ್ನ ಕೈಗುಣ” ಎಂದೆ. ಕೋಪ ಮಾಡಿಕೊಳ್ಳಬೇಡ, ಅಷ್ಟೂ ಹೇಳಿಕೊಳ್ಳದಿದ್ದರೆ ಹೇಗೆ?

ಲಾರಿಯ ಪಕ್ಕದಿಂದ ಹೇಗೋ ನುಸುಳಿ ಆಸ್ಪತ್ರೆ ಸೇರಿದೆವು, ಅವನು ಬದುಕಿದ. ಆಸ್ಪತ್ರೆಗೆ ಬಟಾಣಿ ಸೂಪು ಒಯ್ದಾಗ ಗೋಡೆ ನೋಡುತ್ತ, “ಅವನಿರೋವಾಗಲೇ ಕೇಳಬೇಕಿತ್ತು, ನನ್ನ ಕಾರಿಗೂ ಒಂದಿಷ್ಟು ಹೊಡಿಯೋ ಅಂತ. ಗುಲಾಬಿ ಚಳಿಗೆ ಸತ್ತದ್ದು, ನನಗೂ ಗೊತ್ತಿತ್ತು” ಎಂದ. ಮಾರ್ಚಿನಲ್ಲಿ ಅವನ ಮಗಳು ಬಂದು ಅವನನ್ನು ಕೆಬೆಕ್ ನಗರಕ್ಕೆ ಕರೆದುಕೊಂಡು ಹೋದಳು. ಅವನ ಅಡುಗೆಮನೆಯ ದೀಪವೊಂದು ನನಗೆ ಸಂಜೆ ಕಾಣುತ್ತಿತ್ತು. ಈಗ ಆ ಕಡೆಯೂ ಕತ್ತಲೆ.

ನಾನು ಎಲ್ಲಿಗೆ ಹೋಗುತ್ತಿದ್ದೆ ಗೊತ್ತೇ? ಪ್ರತಿ ಭಾನುವಾರ ನಿನ್ನ ಕಲ್ಲುಕೋಣೆಗೆ. ಮುಂದೆ ಕಾರು ನಿಲ್ಲಿಸಿ, ಇಂಜಿನ್ ಆರಿಸದೆ ಕೂರುತ್ತಿದ್ದೆ. ಥರ್ಮಾಸಿನ ಕಾಫಿ ಕುಡಿದು, ವಾರದ ಸುದ್ದಿ ಹೇಳಿ ಬರುತ್ತಿದ್ದೆ. ನೀನು ಒಳಗೆ, ನಾನು ಹೊರಗೆ, ನಡುವೆ ಒಂದು ಬಾಗಿಲು. ಪಕ್ಕದ ಕೋಣೆಯಲ್ಲಿ ಮಲಗಿದ್ದೀಯೆನ್ನುವ ಹಾಗೆ. ಈ ಕರಾವಳಿಯವರೆಲ್ಲ ಹಿಮ ಕರಗಲೆಂದು ಕಾಯುತ್ತಿದ್ದರೆ, ನಾನೊಬ್ಬಳು ಬೆಳಿಗ್ಗೆ ಎದ್ದು ಅಂಗಳದ ನೆಲಕ್ಕೆ ಕೋಲು ಚುಚ್ಚಿ, ಇನ್ನೂ ಗಟ್ಟಿಯಿದೆ ಎಂದು ಸಮಾಧಾನಪಡುತ್ತಿದ್ದೆ.

ನಿನ್ನೆ ಗುಂಡಿ ತೋಡುವವನು ಸಂಭ್ರಮದಿಂದ ಬಂದು ಹೇಳಿದ: “ಮಣ್ಣು ಬೆಣ್ಣೆ ಹಾಗೆ ಬಿಟ್ಟಿದೆ, ಸೋಲಾಂಜಕ್ಕ. ಶನಿವಾರಕ್ಕೆ ಇಟ್ಕೊಳ್ಳೋಣ.” ಒಳ್ಳೆಯದಾಯಿತಪ್ಪ ಎಂದೆ. ಅವನು ಹೋದ ಮೇಲೆ ಹೊರಗೆ ಬಂದು ಕಾರಿನಲ್ಲಿ ಕುಳಿತೆ. ಕೀಲಿ ತಿರುಗಿಸಲಿಲ್ಲ. ಬೂಟಿನ ತುದಿ ಅಂಗಳದ ಕೆಸರಿನಲ್ಲಿ ಹೂತು ಒದ್ದೆಯಾಗಿತ್ತು. ಅದನ್ನೇ ನೋಡುತ್ತ ಕುಳಿತೆ.

ನೀನು ಬಹಳ ದಿನ ಚಳಿಯಲ್ಲಿ ಇದ್ದೆ, ರೊಸೇರ್. ಇನ್ನಾದರೂ ಮಣ್ಣು ನಿನ್ನನ್ನು ಬೆಚ್ಚಗಿಡಲಿ. ಹೋಗಿ ಬಾ ಎನ್ನಲು ಬಾಯಿ ಬರುತ್ತಿಲ್ಲ. ಮಲಗು.

ನಿನ್ನವಳೇ ಆದ
ಸೋಲಾಂಜ್